ಕಾಳಿಯ ತಳಿ ಯಾವುದು?

ಲೋಕದ ಅಪರೂಪದ ನಾಯಿಗಳನ್ನು ಕುರಿತ ಬರಹಗಳು ಈಚೆಗೆ ನಮ್ಮ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಓದುವುದಕ್ಕೆ ಸೊಗಸಾಗಿಯೇ ಇರುತ್ತವೆ. ನಾರ್ವೆ ದೇಶದ ಲುಂಡೆಹುಂಡ್ ಎಂಬ ನಾಯಿಗೆ ಒಂದೊಂದು ಕಾಲಿಗೆ ಆರಾರು ಬೆರಳು. ಕಾಂಗೋ ಸೀಮೆಯ ಬಸೆಂಜಿ ಬೇರೆ ನಾಯಿಗಳಂತೆ ಬೊಗಳುವುದಿಲ್ಲ. ಮೆಕ್ಸಿಕೋದಲ್ಲಿ ಮೈಮೇಲೆ ಕೂದಲೇ ಇಲ್ಲದ ನಾಯಿಯೊಂದುಂಟು. ಹೀಗೆ ಒಂದಾದ ಮೇಲೊಂದರಂತೆ ವಿಸ್ಮಯಗಳನ್ನು ಪೋಣಿಸಿ, ಕೊನೆಗೆ ಎತ್ತರ, ತೂಕ, ಬಣ್ಣಗಳ ಲೆಕ್ಕ ಕೊಟ್ಟು ಲೇಖಕರು ಕೈ ತೊಳೆದುಕೊಳ್ಳುತ್ತಾರೆ. ಇಂಥ ಬರಹಕ್ಕೂ ಸಾಹಿತ್ಯದ ಪುಟಕ್ಕೂ ಏನು ನಂಟೆಂದು ವಾಚಕರು ಹುಬ್ಬೇರಿಸಬಹುದು. ನನ್ನ ಸಮಾಧಾನ ಇಷ್ಟು: ನಾಯಿಯನ್ನು ಕುರಿತು ಬರೆಯುವುದೂ ಬರವಣಿಗೆಯೇ, ಮನುಷ್ಯರನ್ನು ಕುರಿತು ಬರೆಯುವಾಗ ನಾವು ಯಾವ ಔಚಿತ್ಯವನ್ನು ಕೇಳುತ್ತೇವೆಯೋ ಅದನ್ನು ಇಲ್ಲಿಯೂ ಕೇಳುವುದಕ್ಕೆ ಅಡ್ಡಿಯಿಲ್ಲ. ಮೇಲಾಗಿ ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಮಾದರಿ ಇದೆ. ಆ ಮಾದರಿಯ ಮುಂದೆ ಈಗಿನ ಬರಹಗಳು ಎಲ್ಲಿ ನಿಲ್ಲುತ್ತವೆ ಎಂಬುದೇ ಇಲ್ಲಿಯ ಪ್ರಶ್ನೆ.

ಲುಂಡೆಹುಂಡಿನ ಆರನೆಯ ಬೆರಳನ್ನೇ ನೋಡೋಣ. ಪಟ್ಟಿ ಬರೆಯುವವರು ಬೆರಳನ್ನು ಎಣಿಸುತ್ತಾರೆ, ಅಷ್ಟಕ್ಕೇ ನಿಲ್ಲುತ್ತಾರೆ. ಆ ಬೆರಳು ಬೇಕಾದದ್ದು ಕಡಲತಡಿಯ ಕಡಿದಾದ ಬಂಡೆಗಳನ್ನು ಏರಿ, ಬಿಲಗಳೊಳಗೆ ನುಗ್ಗಿ, ಪಫಿನ್ ಎಂಬ ಕಡಲಹಕ್ಕಿಯನ್ನು ಹಿಡಿದು ತರುವುದಕ್ಕೆ. ಆ ಹಕ್ಕಿಯ ಮಾಂಸವನ್ನು ತಿಂದು, ಪುಕ್ಕವನ್ನು ಮಾರಿ ಬದುಕುತ್ತಿದ್ದ ಬಡ ಬೆಸ್ತರು ಅಲ್ಲಿದ್ದರು. ಹಕ್ಕಿಯನ್ನು ಬಲೆಯಿಂದ ಹಿಡಿಯುವ ಉಪಾಯ ಬಂದ ಮೇಲೆ ನಾಯಿಯ ಕೆಲಸ ಹೋಯಿತು; ಕೆಲಸ ಹೋದ ಮೇಲೆ ನಾಯಿಯೂ ಹೋಗುತ್ತ ಬಂದು, ವೇರೋಯ್ ದ್ವೀಪದ ಒಂದು ಮೂಲೆಯಲ್ಲಿ ಮಾತ್ರ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ನಾಯಿಜಾಡ್ಯದಿಂದ ಅಲ್ಲಿಯೂ ಬೆರಳೆಣಿಕೆಯಷ್ಟಾಯಿತು. ಬಸೆಂಜಿಯೂ ಹಾಗೆಯೇ. ಬೊಗಳದ ನಾಯಿ ಪೊದೆಯಲ್ಲಿ ಎಲ್ಲಿದೆಯೆಂದು ತಿಳಿಯಲೆಂದು ಅಲ್ಲಿಯ ಬೇಟೆಗಾರರು ಅದರ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು. ಗಂಟೆ ಕಟ್ಟಿದ ಕೈಯನ್ನು ಬಿಟ್ಟು ಬೊಗಳದ ಬಾಯನ್ನು ಮಾತ್ರ ಹೇಳಿದರೆ ಅದು ಸರ್ಕಸ್ಸಿನ ಜಾಹೀರಾತಾಗುತ್ತದೆ.

ನಾನು ಇರುವುದು ಹಲಸೂರಿನಲ್ಲಿ. 1809ರಲ್ಲಿ ಇಲ್ಲಿ ದಂಡು ಬಂದು ಬೀಡುಬಿಟ್ಟಂದಿನಿಂದ ನಾಯಿಯ ವಿಷಯದಲ್ಲಿ ನಮ್ಮದು ಎರಡು ಭಾಷೆಯ ಊರು. ಬಂಗಲೆಯೊಳಗಿನ ನಾಯಿಗೆ ಒಂದು ಭಾಷೆ, ಬೀದಿಯ ನಾಯಿಗೆ ಇನ್ನೊಂದು. ದೊರೆಗಳು ಹೋದರು, ಅವರ ನಾಯಿಗಳ ಹೆಸರುಗಳು ಹೋಗಲಿಲ್ಲ. ಟಾಮಿ, ಜಿಮ್ಮಿ, ಟೈಗರ್ ಇವು ಮೂರು ತಲೆಮಾರು ನಮ್ಮ ಬೀದಿಗಳಲ್ಲಿ ಬಾಳಿದವು. ಗುಡಿಯ ಬೀದಿಯ ಆಚೆ ಈಚೆ ಮಲಗುವ ನಾಯಿಗಳಿಗೆ ಕನ್ನಡದವರು ಕರಿಯ ಎಂದೋ ಕೆಂಚ ಎಂದೋ ಕೂಗುತ್ತಾರೆ, ತಮಿಳಿನವರು ಮಣಿ ಎನ್ನುತ್ತಾರೆ. ನಾಯಿ ಎರಡಕ್ಕೂ ಬಾಲ ಆಡಿಸುತ್ತದೆ. ಆದರೆ ಮನೆಯಲ್ಲಿ ಅಚ್ಚ ಕನ್ನಡ ಆಡುವ ಗೃಹಸ್ಥರು ಕೂಡ ಸಾಯಂಕಾಲ ಕೆರೆಯ ಕಡೆಗೆ ನಾಯಿಯನ್ನು ಹಿಡಿದು ಹೊರಟರೆಂದರೆ 'ಸಿಟ್', 'ಕಮ್', 'ನೋ' ಎಂಬ ಮೂರು ಮಾತಿನ ಮೇಲೆ ಇಡೀ ಸಂಸಾರವನ್ನು ಸಾಗಿಸುತ್ತಾರೆ.

ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ವರ್ಷ ಮುಧೋಳದ ಕಡೆಯಿಂದ ಒಂದು ಮರಿ ತರಿಸಿದರು. ಕಾಲು ನೀಳ, ಹೊಟ್ಟೆ ಬೆನ್ನಿಗೆ ಹತ್ತಿದಂತೆ, ಮೋರೆ ಉದ್ದ. "ಮೇಷ್ಟ್ರೇ, ದೇಶೀ ತಳಿ, ಒಂದು ಒಳ್ಳೆಯ ಕನ್ನಡ ಹೆಸರು ಹೇಳಿ" ಎಂದರು. ನಾನು "ಕಾಳಿ" ಎಂದೆ. "ಇದು ಬಿಳೀದಲ್ಲವೇ ಸ್ವಾಮಿ?" ಎಂದರು. ಅದಕ್ಕೆ ಈಗ ಸೀಸರ್ ಎಂದು ಹೆಸರು. ಅವರ ಮೇಲೆ ನನಗೆ ಬೇಸರವೇನಿಲ್ಲ; ಕಾಳಿ ಯಾರೆಂದು ಅವರಿಗೆ ಹೇಳುವಷ್ಟು ಹೊತ್ತು ಆ ದಿನ ಇರಲಿಲ್ಲ. ಈ ಪುಟದಲ್ಲಿ ಇದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಶಾಸನವೊಂದಿದೆ. ಹಲಸೂರಿನಿಂದ ಕಸ್ತೂರಬಾ ರಸ್ತೆಗೆ ನಡೆದೇ ಹೋಗಬಹುದು. ಶಕ 872 ಎಂದರೆ ಕ್ರಿ.ಶ. 949-50ರ ಕಲ್ಲು. ಮೇಲ್ಭಾಗದಲ್ಲಿ ಒಂದು ನಾಯಿ ಒಂದು ಹಂದಿಯೊಡನೆ ಸೆಣಸುತ್ತಿರುವ ಚಿತ್ರ. ಶಾಸನ ಮೊದಲಾಗುವುದು ನಾಯಿಯಿಂದಲ್ಲ, ದೊಡ್ಡ ಚರಿತ್ರೆಯಿಂದ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಸಂಗತಿ. ಅವನ ಕಡೆಯ ಗಂಗ ಬೂತುಗ ರಾಜಾದಿತ್ಯನನ್ನು ಕೊಂದದ್ದು. ಮೆಚ್ಚಿದ ಚಕ್ರವರ್ತಿ ಅವನಿಗೆ ಬನವಾಸಿ ಹನ್ನಿರ್ಚ್ಛಾಸಿರ ಮೊದಲಾದ ನಾಡುಗಳನ್ನು ಕೊಟ್ಟದ್ದು. ದಕ್ಷಿಣದ ಇತಿಹಾಸ ಬರೆಯುವವರಿಗೆ ಈ ಕಲ್ಲು ಬೇಕಾಗಿರುವುದು ಈ ಮಾತುಗಳಿಗಾಗಿ. ಇದನ್ನು ಓದಿ ಪ್ರಕಟಿಸಿದ ಫ್ಲೀಟರಂಥ ವಿದ್ವಾಂಸರಿಗೂ ಇದು ಒಮ್ಮೆಗೇ ಒಲಿಯಲಿಲ್ಲ. ಅವರ ಮೊದಲ ಓದಿನಲ್ಲಿ ಬೂತುಗನು ಚೋಳನನ್ನು ವಂಚನೆಯಿಂದ ಕೊಂದನೆಂಬ ಅರ್ಥ ಬಂದಿತ್ತು. ಮುಂದೆ ಅವರೇ ಅದನ್ನು ತಿದ್ದಿ, ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದು ಕೊಂದನೆಂದು ಅರ್ಥ ಹೇಳಿದರು. ಹಳಗನ್ನಡದಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೆ ವೀರ ದ್ರೋಹಿಯಾಗುತ್ತಾನೆ. ವಿದ್ಯಾರ್ಥಿಗಳಿಗೆ ಹಳಗನ್ನಡ ಏಕೆ ಬೇಕೆಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದು.

ಇಷ್ಟೆಲ್ಲ ಆದಮೇಲೆ ಕಲ್ಲಿನ ನಿಜವಾದ ವಿಷಯ ಬರುತ್ತದೆ. ಬೂತುಗನ ಆಳು ಮಣಲೆರ ಎಂಬುವನು ಆ ಯುದ್ಧದಲ್ಲಿ ಚೆನ್ನಾಗಿ ಕಾದಿದನು. ಒಡೆಯ ಮೆಚ್ಚಿ, ಬೇಕಾದುದನ್ನು ಕೇಳು ಎಂದನು. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಊರುಗಳೂ ಅವನಿಗೆ ಬಂದವು. ಆತಕೂರು ಹನ್ನೆರಡನ್ನೂ ಇನ್ನೊಂದು ಊರನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಕೊಡುಗೆಯಾಗಿ, ಬೂತುಗ ಕೊಟ್ಟನು. ಆದರೆ ಬಾಯಿಬಿಟ್ಟು ಕೇಳಿ ಪಡೆದದ್ದು ನಾಯಿ. ಆಮೇಲೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗಣ ಭೂಮಿಯನ್ನು ಬಿಟ್ಟರು.

ಈ ಕತೆಯನ್ನು ಹೇಳಿರುವ ರೀತಿಯನ್ನು ನೋಡಬೇಕು. ಮಣಲೆರನನ್ನು ಹೊಗಳುವಾಗ ಶಾಸನಕವಿಗೆ ಬಿರುದುಗಳೂ ಪದ್ಯವೂ ಬೇಕಾದವು. ಕಾಳಿಯ ಪಾಲಿಗೆ ಬಂದಾಗ ಎಲ್ಲ ಅಲಂಕಾರವೂ ನಿಂತುಹೋಗುತ್ತದೆ. ವಾಯುವೇಗವಿಲ್ಲ, ಸಿಡಿಲಿನ ಹೋಲಿಕೆಯಿಲ್ಲ, ಒಡೆಯನ ಕಣ್ಣೀರೂ ಇಲ್ಲ. ಕೇಳಿದನು, ಪಡೆದನು, ಬಿಟ್ಟನು, ಸತ್ತವು, ಕಲ್ಲು ನಿಲ್ಲಿಸಿದರು: ಕ್ರಿಯಾಪದಗಳು ಮಾತ್ರ. ಹೊಗಳಿಕೆ ಮನುಷ್ಯನಿಗೆ, ಸಂಗತಿ ನಾಯಿಗೆ. ನನ್ನ ಎಣಿಕೆಯಲ್ಲಿ ಶೋಕವನ್ನು ಇದಕ್ಕಿಂತ ಬಿಗಿಯಾಗಿ ಹಿಡಿದ ಗದ್ಯ ಕನ್ನಡದಲ್ಲಿ ಹೆಚ್ಚಿಲ್ಲ. ಇದು ಉದ್ದೇಶಪಟ್ಟು ಮಾಡಿದ್ದಲ್ಲ, ಶಾಸನದ ವಾಡಿಕೆಯಷ್ಟೇ ಎಂದು ಯಾರಾದರೂ ಹೇಳಬಹುದು. ಇರಲಿ. ವಾಡಿಕೆ ಅಷ್ಟೇ ಆಗಿದ್ದರೆ ಮುಂದಿನ ಮಾತು ಬರಬೇಕಾಗಿರಲಿಲ್ಲ.

ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆ ಎನ್ನುತ್ತದೆ ಶಾಸನ. ಬಿಟ್ಟ ಭೂಮಿಯನ್ನು ಕೆಡಿಸಿದವನಿಗೂ ಅದೇ ಪಾಪ. ನಮ್ಮ ಶಾಸನಗಳ ಶಾಪವಾಕ್ಯವನ್ನು ಬಲ್ಲವರಿಗೆ ಇದರ ವಿಶೇಷ ತಿಳಿಯುತ್ತದೆ. ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ, ಬ್ರಾಹ್ಮಣರನ್ನು ಕೊಂದ ಪಾಪ ಎಂದು ಅವು ಸಾಮಾನ್ಯವಾಗಿ ಹೆದರಿಸುತ್ತವೆ. ಇಲ್ಲಿ ಅಳತೆಗೋಲೇ ಬದಲಾಗಿದೆ. ನಾಯಿ ಮಾಡಿದ ಪಾಪ ಯಾವುದು? ಬೇಟೆಯ ನಾಯಿ; ಹುಟ್ಟಿದ್ದು ಕೊಲ್ಲುವುದಕ್ಕೆ, ಕೊಂದೇ ಸತ್ತಿತು. ಪೂಜೆಗೆ ನಿಂತಿರುವ ಕಲ್ಲೇ ತಾನು ಯಾರ ಕಲ್ಲೋ ಅದು ಪಾಪಿಯೆಂದೂ ಒಪ್ಪಿಕೊಳ್ಳುತ್ತದೆ. ಕಾಳಿಯನ್ನು ದೇವತೆ ಮಾಡಿ ಬಿಡುವುದು ಸುಲಭವಾಗಿತ್ತು. ಹೆಸರೂ ಅದಕ್ಕೆ ಅನುಕೂಲವಾಗಿತ್ತು. ಹಾಗೆ ಮಾಡದೆ ಅದನ್ನು ನಾಯಿಯಾಗಿಯೇ ಇಟ್ಟು, ನಾಯಿಯ ಪಾಪವನ್ನು ನಾಯಿಯ ಲೆಕ್ಕಕ್ಕೇ ಬರೆದು, ಆಮೇಲೆ ಗೊರವನ ಊಟಕ್ಕಿಂತ ಮೊದಲು ಅದರ ಪೂಜೆಯನ್ನು ಇರಿಸಿದರು. ಈಚೆಗೆ, ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆ ಗುಡಿ ಕಟ್ಟಿದಾಗ ಅನೇಕರು ನಕ್ಕರು. ಆತಕೂರಿನ ಕಲ್ಲನ್ನು ಓದಿದವರು ನಗುವುದಿಲ್ಲ.

ಈ ಶಾಸನವನ್ನು ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬ ಹುಡುಗ ಎದ್ದು ಕೇಳಿಯೇ ಕೇಳುತ್ತಾನೆ: "ಸಾರ್, ಕಾಳಿ ಮುಧೋಳ ನಾಯಿ ಅಲ್ವಾ?" ಹುಡುಗನ ತಪ್ಪಲ್ಲ. ಅಭಿಮಾನದಿಂದ ಬರೆಯುವವರು ಹಾಗೆಂದು ಬರೆದೇಬಿಟ್ಟಿದ್ದಾರೆ. ಕನ್ನಡದ ನಾಯಿ, ಬೇಟೆಯ ನಾಯಿ, ಆದ್ದರಿಂದ ಮುಧೋಳದ್ದು ಎಂಬುದು ಅವರ ತರ್ಕ. ಶಾಸನ ಬಣ್ಣ ಹೇಳುವುದಿಲ್ಲ, ಎತ್ತರ ಹೇಳುವುದಿಲ್ಲ, ಯಾವ ಸೀಮೆಯಿಂದ ಬಂತೆಂದು ಹೇಳುವುದಿಲ್ಲ. ಹೆಸರಿನಿಂದ ಕರಿಯ ಬಣ್ಣವನ್ನು ಊಹಿಸಬಹುದು, ಊಹೆ ಮಾತ್ರ. ಆತಕೂರು ಎಲ್ಲಿ, ಬಾಗಲಕೋಟೆ ಜಿಲ್ಲೆಯ ಮುಧೋಳ ಎಲ್ಲಿ? ಎರಡನ್ನೂ ಸೇರಿಸಲೇಬೇಕೆಂದರೆ ಕನ್ನಡದ ವಿದ್ಯಾರ್ಥಿಗೆ ಬೇರೆಯೊಂದು ಸೊಗಸಾದ ಕಾಕತಾಳೀಯವಿದೆ. ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಅಂದರೆ ಈ ಮುಧೋಳದಲ್ಲಿ. ಹುಟ್ಟಿದ ವರ್ಷ 949 ಎನ್ನುತ್ತಾರೆ. ಕಾಳಿಗೆ ಕಲ್ಲು ನಿಂತ ಕಾಲಕ್ಕೆ ಮುಧೋಳದ ಬಳೆಗಾರರ ಮನೆಯಲ್ಲಿ ಕವಿಚಕ್ರವರ್ತಿ ತೊಟ್ಟಿಲಲ್ಲಿದ್ದ. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಹೇಳದೆ ಇರಲಾರೆ.

ಮುಧೋಳದ ನಾಯಿಗೆ ಇಂಥ ಎರವಲು ವಂಶಾವಳಿ ಬೇಕಾಗಿಯೂ ಇಲ್ಲ. ಅದರದೇ ಕತೆ ಸಾಕಷ್ಟಿದೆ. ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ಕಾಲಿನ ಬಲದಿಂದ ಅಟ್ಟಿ ಹಿಡಿಯುವ ನಾಯಿಗಳ ಕುಲ ಅದು. ಅರಬರ ಸಲೂಕಿ, ಸಹಾರಾದ ಅಂಚಿನ ಅಜವಾಖ್ ಇವೆಲ್ಲ ಅದೇ ಮೈಕಟ್ಟಿನವು. ಗಂಡಿನ ಎತ್ತರ 70 ಸೆಂಟಿಮೀಟರಿನ ಸುಮಾರು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇವನ್ನು ಮುತುವರ್ಜಿಯಿಂದ ಸಾಕಿ ಬೆಳಸಿ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 'ಮುಧೋಳ ಹೌಂಡ್' ಎಂಬ ಹೆಸರು ಅಲ್ಲಿಂದ ಬಂತೆಂದು ಹೇಳುತ್ತಾರೆ. ಊರಿನವರ ಬಾಯಲ್ಲಿ ಅದು ಬರಿಯ ಬೇಟೆನಾಯಿ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಮೇಲೆ ಬೇಟೆ ನಿಂತಿತು, ನಾರ್ವೆಯ ನಾಯಿಗೆ ಬಲೆಯಿಂದ ಆದದ್ದು ನಮ್ಮ ನಾಯಿಗೆ ಕಾನೂನಿನಿಂದ ಆಯಿತು. ಕಾನೂನು ಸರಿಯಾದದ್ದೇ, ಆದರೆ ಬೇಟೆಯಿಲ್ಲದ ಬೇಟೆನಾಯಿ ಏನು ಮಾಡಬೇಕು? ಹೊಲ ಕಾಯಿತು, ಮನೆ ಕಾಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2009ರಲ್ಲಿ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನಸಂಶೋಧನ ಕೇಂದ್ರ ಆಯಿತು. 2016ರಲ್ಲಿ ಮೀರತ್ತಿನ ಸೇನಾಕೇಂದ್ರದಲ್ಲಿ ಸೈನ್ಯದ ತರಬೇತಿಗೆ ಹೋಯಿತು; 2021ರಲ್ಲಿ ವಿಮಾನನೆಲೆಯಲ್ಲಿ ಹಕ್ಕಿಗಳನ್ನು ಓಡಿಸುವ ಕೆಲಸಕ್ಕೂ ಸೇರಿತು. ಇದೆಲ್ಲ ಸಂತೋಷದ ಸುದ್ದಿಯೇ. ನನ್ನ ತಕರಾರು ಸುದ್ದಿಯ ಮೇಲಲ್ಲ, ಅದನ್ನು ಬರೆಯುವ ಕನ್ನಡದ ಮೇಲೆ. ಇಂಗ್ಲೆಂಡಿನ ಶ್ವಾನಪ್ರದರ್ಶನದ ಲಕ್ಷಣಪಟ್ಟಿಯನ್ನು ಮುಂದಿಟ್ಟುಕೊಂಡು, ತಲೆಬುರುಡೆಯಿಂದ ಬಾಲದ ತುದಿಯವರೆಗೆ ಒಂದೊಂದೇ ಅಂಗವನ್ನು ಕನ್ನಡಕ್ಕೆ ಇಳಿಸುತ್ತಾರೆ. ಓದಿ ಮುಗಿಸಿದಾಗ ನಾಯಿಯ ಭಾಗಗಳೆಲ್ಲ ಇರುತ್ತವೆ, ನಾಯಿ ಇರುವುದಿಲ್ಲ. ಆ ನಾಯಿಯೊಡನೆ ತಲೆಮಾರುಗಟ್ಟಲೆ ಬದುಕಿದ ಕುರುಬರು, ಬೇಡರು, ರೈತರು ಅದರ ಓಟಕ್ಕೆ, ನಿಲುವಿಗೆ, ಸಿಟ್ಟಿಗೆ ಯಾವ ಮಾತು ಬಳಸುತ್ತಾರೆಂದು ಆ ಬರಹಗಳಿಂದ ತಿಳಿಯುವುದೇ ಇಲ್ಲ.

ತಳಿಯ ವಿಚಾರವೇ ಪರಕೀಯ ಎಂದು ನಾನು ಹೇಳುತ್ತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ಸಾರಮೇಯ ವಿನೋದವೆಂದು ಒಂದು ಪ್ರಕರಣವನ್ನೇ ಬರೆದಿದ್ದಾನೆ; ಯಾವ ದೇಶದ ನಾಯಿ ಎಂಥದು ಎಂಬ ವಿವೇಚನೆ ಅದರಲ್ಲಿದೆ. ಆದರೆ ಅದು ಸಂಸ್ಕೃತದಲ್ಲಿದೆ, ಅರಸನ ವಿನೋದದ ದೃಷ್ಟಿಯಿಂದ ಇದೆ. ಅಲ್ಲಿ ನಾಯಿಗೆ ದೇಶವಿದೆ, ಹೆಸರಿಲ್ಲ. ಕಾಳಿಗೆ ಹೆಸರಿದೆ, ದೇಶವಿಲ್ಲ. ಎರಡು ಶತಮಾನದ ಅಂತರದಲ್ಲಿ ನಮ್ಮ ನಾಡಿನಲ್ಲೇ ನಾಯಿಯನ್ನು ನೋಡುವ ಎರಡು ಕಣ್ಣುಗಳು ಇವು. ಒಂದು ಮುಖದಲ್ಲಿ ಎರಡೂ ಕೂಡಿದ್ದನ್ನು ನೋಡಬೇಕಾದರೆ ಗ್ರೀಕರ ಕಡೆಗೆ ಹೋಗಬೇಕು. ಅಲೆಕ್ಸಾಂಡರನ ಚರಿತ್ರೆ ಬರೆದ ಏರಿಯನ್, ಎರಡನೆಯ ಶತಮಾನದವನು, ಬೇಟೆನಾಯಿಗಳನ್ನು ಕುರಿತು ಒಂದು ಚಿಕ್ಕ ಗ್ರಂಥ ಮಾಡಿದ್ದಾನೆ. ಗಾಲ್ ದೇಶದ ವೇಗದ ನಾಯಿಗಳ ಲಕ್ಷಣವನ್ನು ಶಾಸ್ತ್ರೀಯವಾಗಿ ಹೇಳುತ್ತ ಹೇಳುತ್ತ, ತಾನು ಸಾಕಿದ ಬೂದುಗಣ್ಣಿನ ಒಂದು ನಾಯಿಯ ವಿಷಯ ಬರುತ್ತಲೇ ಶಾಸ್ತ್ರವನ್ನು ಮರೆಯುತ್ತಾನೆ. ಅದು ಹೇಗೆ ತನ್ನನ್ನು ಎದುರುಗೊಳ್ಳುತ್ತದೆ, ಹಸಿದಾಗ ಯಾವ ದನಿ ಮಾಡುತ್ತದೆ ಎಂಬುದನ್ನೆಲ್ಲ ಬರೆದು, ಅದರ ಹೆಸರು ಹೊರ್ಮೆ, ಈ ಹೆಸರು ಮುಂದಿನವರಿಗೂ ಉಳಿಯಲಿ ಎಂದು ದಾಖಲಿಸುತ್ತಾನೆ. ಅವನಿಗಿಂತ ಹಿಂದಿನ ಕ್ಸೆನೊಫನ್ ನಾಯಿಗೆ ಇಡಬಹುದಾದ ಹೆಸರುಗಳನ್ನೇ 40ಕ್ಕೂ ಮಿಕ್ಕಿ ಪಟ್ಟಿ ಮಾಡಿದ್ದ. ಕೂಗಿ ಕರೆಯಲು ಸುಲಭವಾಗುವಂತೆ ಎಲ್ಲವೂ ಚಿಕ್ಕವು. ಅರಬರ ಹಳೆಯ ಕವಿ ಲಬೀದನ ಪ್ರಸಿದ್ಧ ಕಾವ್ಯದಲ್ಲಿ ಕಾಡುಹಸುವಿನ ಕೊಂಬಿಗೆ ಸಿಕ್ಕು ಬಿದ್ದ ಎರಡು ನಾಯಿಗಳಿಗೂ ಹೆಸರಿವೆ, ಕಸಾಬ್ ಮತ್ತು ಸುಖಾಮ್. ಕೊಂದವರ ಕಡೆಗೇ ನಮ್ಮ ಕನಿಕರ ಇದ್ದರೂ ಸತ್ತ ನಾಯಿಯ ಹೆಸರನ್ನು ಕವಿ ನುಂಗಿಕೊಳ್ಳುವುದಿಲ್ಲ. ಆತಕೂರಿನ ಕಲ್ಲಿಗೆ ನಾನು ನೆಂಟರನ್ನು ಹುಡುಕುವುದಾದರೆ ಇಂಥಲ್ಲಿ ಹುಡುಕುತ್ತೇನೆ, ಶ್ವಾನಪ್ರದರ್ಶನದಲ್ಲಿ ಅಲ್ಲ.

ನಮ್ಮ ಕಾವ್ಯಪರಂಪರೆ ಈ ದಾರಿಯಲ್ಲಿ ಏಕೆ ಮುಂದುವರಿಯಲಿಲ್ಲ? ವ್ಯಾಸಭಾರತ ನಾಯಿಯಿಂದಲೇ ಮೊದಲಾಗಿ ನಾಯಿಯಿಂದಲೇ ಮುಗಿಯುತ್ತದೆಂದರೆ ಅತಿಶಯೋಕ್ತಿಯಲ್ಲ. ತಪ್ಪು ಮಾಡದ ಮರಿಯನ್ನು ಹೊಡೆದರೆಂದು ಸರಮೆ ಜನಮೇಜಯನ ಯಜ್ಞಶಾಲೆಗೆ ಬಂದು ನ್ಯಾಯ ಕೇಳುವುದು ಆದಿಪರ್ವದಲ್ಲಿ. ಧರ್ಮರಾಯನ ಹಿಂದೆ ನಾಯಿ ನಡೆಯುವುದು ಕಡೆಯಲ್ಲಿ. ನಮ್ಮ ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಆ ಕಡೆಯ ನಾಯಿ ಅವನ ಕೈಗೆ ಸಿಗಲಿಲ್ಲ. ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಬರೆದನೇನೋ ಸರಿ. ಗಮಕಿಗಳು ಎಷ್ಟು ಮಂದಿ ಅಷ್ಟು ದೂರ ಓದುತ್ತಾರೆ? ಇತ್ತ ನೀತಿ ಹೇಳುವವರ ಬಾಯಲ್ಲಿ ನಾಯಿ ಬೈಗುಳಕ್ಕೆ, ನೀಚತನಕ್ಕೆ, ಡೊಂಕುಬಾಲಕ್ಕೆ ಮೀಸಲಾಯಿತು. ಮನೆಯ ಬಾಗಿಲು ಕಾಯುವ ಪ್ರಾಣಿಯ ಹೆಸರಿನಿಂದಲೇ ಮನುಷ್ಯರನ್ನು ಹೀಯಾಳಿಸುವುದಕ್ಕೆ ನಮಗೆ ಸಂಕೋಚವಿಲ್ಲ. ಭೈರವನಿಗೆ ವಾಹನವಾಗಿ, ಮೈಲಾರನ ಒಕ್ಕಲಿನವರಲ್ಲಿ ದೇವರ ನಾಯಿಗಳಾಗಿ ಬೊಗಳಿ ಉಣ್ಣುವ ವಗ್ಗಯ್ಯಗಳಾಗಿ ಅದು ಉಳಿದುಕೊಂಡದ್ದು ಜನಪದದಲ್ಲಿ.

ಹೊಸಗನ್ನಡದಲ್ಲಿ ಕಾಳಿಯ ನಿಜವಾದ ವಾರಸುದಾರ ಬಂದದ್ದು 1967ರಲ್ಲಿ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯ. ಗುತ್ತಿಯನ್ನು ಜನ ನಾಯಿಗುತ್ತಿ ಎನ್ನುತ್ತಾರೆ. ನಾಯಿಗೆ ಒಡೆಯನ ಹೆಸರು ಅಂಟುವ ಬದಲು ಒಡೆಯನಿಗೆ ನಾಯಿ ಅಂಟಿದೆ. ಈ ಅಡ್ಡಹೆಸರಿನಲ್ಲಿ ಊರಿನವರ ಹಗುರವೂ ಇದೆ, ಅಂಜಿಕೆಯೂ ಇದೆ. ಗುತ್ತಿಯ ಜಾತಿಯಿಂದಾಗಿ ಅವನಿಗೆ ಸಿಗದ ಮರ್ಯಾದೆಯನ್ನು ಆ ಭಾರಿ ನಾಯಿ ತನ್ನ ಗಾತ್ರದಿಂದಲೇ ದಾರಿಯಲ್ಲಿ ಒದಗಿಸಿಕೊಡುತ್ತದೆ. ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಬರುವ ಕಿವಿ ಎಂಬ ನಾಯಿಯೂ ನನಗೆ ಪ್ರಿಯವೇ. ಬೇಟೆಯ ನಾಯಿಯನ್ನು ಜೊತೆಗಾರನಂತೆ, ಒಮ್ಮೊಮ್ಮೆ ತಲೆನೋವಿನಂತೆ, ನಗುತ್ತ ಬರೆಯಬಹುದೆಂದು ತೋರಿಸಿದವರು ಅವರು. 2022ರಲ್ಲಿ ಬಂದು ಮನೆಮಂದಿಯನ್ನೆಲ್ಲ ಅಳಿಸಿದ '777 ಚಾರ್ಲಿ' ಚಿತ್ರದ ಲ್ಯಾಬ್ರಡಾರನ್ನು ಈ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ನಾಯಿ ನಾಯಕನ ಹೃದಯವನ್ನು ತಿದ್ದುವುದಕ್ಕಾಗಿ ಬರುತ್ತದೆ. ಹುಲಿಯ ಯಾರನ್ನೂ ತಿದ್ದುವುದಕ್ಕೆ ಬಂದದ್ದಲ್ಲ.

ಕಾದಂಬರಿಯ ಕೊನೆಯ ಭಾಗದಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಅಷ್ಟು ದೊಡ್ಡ ಕಾದಂಬರಿಯಲ್ಲಿ ಮನುಷ್ಯರ ಸಾವುಗಳು ಬೇಕಾದಷ್ಟಿವೆ. ನನ್ನ ತರಗತಿಯಲ್ಲಿ ಓದಿದವರು ಪರೀಕ್ಷೆ ಮುಗಿದು ವರ್ಷಗಳಾದ ಮೇಲೆ ಸಿಕ್ಕಾಗಲೂ ಕೇಳುವುದು ಇದೊಂದನ್ನು. ಹುಲಿಯ ಯಾವ ತಳಿ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.